ಕಡಲ್ಗಳ್ಳರ ಕಾದಂಬರಿ ಓದುದಾದ್ರೆ ಎಲ್ಲಿಂದ ಶುರು ಮಾಡುದು?

ಪ್ರಶ್ನೆ: ನಾನು ಕುಂಬಳೆ ಹತ್ತಿರದವ. ಶಾಲೆಯಲ್ಲಿದ್ದಾಗ ಟ್ರೆಶರ್ ಐಲೆಂಡ್ ಕಥೆಯನ್ನು ಸಣ್ಣ ಮಾಡಿ ಪಾಠ ಮಾಡಿದ್ರು, ಆ ಮೇಲೆ ಪೈರೇಟ್ ಸಿನೆಮಾ ನೋಡಿದ್ದೇ ಜಾಸ್ತಿ. ಈಗ ಮಗಳು ಒಂಬತ್ತನೇ ಕ್ಲಾಸು, ಅವಳಿಗೂ ಇದೇ ಹುಚ್ಚು. ಇಬ್ಬರೂ ಸೇರಿ ಓದುವಾ ಅಂತ ಎರಡು ಮೂರು ಪುಸ್ತಕ ತಂದೆ, ಆದ್ರೆ ಎಲ್ಲಾ ಒಂದೇ ಥರ. ಮ್ಯಾಪು, ನಿಧಿ, ಕತ್ತಿ ಜಗಳ, ಮುಗೀತು. ನಿಜವಾಗಿ ಒಳ್ಳೇದು ಯಾವುದು ಹೇಳಿ. ಮತ್ತೆ ನಮ್ಮ ಈ ಕಡಲಲ್ಲಿ ಇಂಥವರು ಇದ್ರಾ?

ಉತ್ತರ: ನಿಮಗೆ ಬೇಜಾರು ಬಂದದ್ದು ಯಾಕೆ ಅಂತ ನನಗೆ ಅಂದಾಜುಂಟು. ನಿಧಿ ಸಿಗ್ತದಾ ಇಲ್ವಾ ಅಂತ ಕಾಯುವ ಹಾಗೆ ಬರೆದ ಪುಸ್ತಕಗಳು ನಿಮ್ಮ ಕೈಗೆ ಬಿದ್ದಿವೆ. ನಿಧಿ ಸಿಕ್ಕಿಯೇ ಸಿಗ್ತದೆ ಅಂತ ಓದುವವನಿಗೆ ಮೊದಲನೇ ಪುಟದಲ್ಲೇ ಗೊತ್ತಿರ್ತದಲ್ಲ, ಮತ್ತೆ ಎಂತ ಕಾಯುದು?

ಮೂವತ್ತು ವರ್ಷಕ್ಕಿಂತ ಜಾಸ್ತಿ ಆಯ್ತು ನಾನು ಇದೇ ಜಾತಿಯ ಕಾದಂಬರಿ ಹುಡುಕಿ ಹುಡುಕಿ ಓದ್ತಾ ಬಂದದ್ದು, ಹೊಸದು ಕೈಗೆ ಬಂದ್ರೆ ನಾನು ಅದರಲ್ಲಿ ನೋಡುದು ಒಂದೇ ವಿಷಯ: ಈ ಹಡಗಿನಲ್ಲಿ ಯಾರ ಮಾತು ನಡೀತದೆ, ಯಾಕೆ ನಡೀತದೆ, ಎಷ್ಟು ದಿವಸ ನಡೀತದೆ? ರಾಜನ ಹಡಗಿನಲ್ಲಿ ಕ್ಯಾಪ್ಟನ್ನನ ಬೆನ್ನಿಗೆ ರಾಜ ಇರ್ತಾನೆ, ಕಾನೂನು ಇರ್ತದೆ, ಚಾವಟಿ ಇರ್ತದೆ. ಕಳ್ಳರ ಹಡಗಿನಲ್ಲಿ ಅವನ ಬೆನ್ನಿಗೆ ಯಾರೂ ಇಲ್ಲ, ಎದುರಿಗೆ ನಿಂತ ಎಂಬತ್ತು ನೂರು ಮಂದಿಯೂ ಕಳ್ಳರು, ಅವರು ನಂಬಿದಷ್ಟು ದಿವಸ ಮಾತ್ರ ಅವ ಕ್ಯಾಪ್ಟನ್. ಈ ನಂಬಿಕೆ ಹುಟ್ಟುದು, ಬಿರುಕು ಬಿಡುದು, ಒಡೆಯುದು, ಇದನ್ನು ಬರೆಯಲಿಕ್ಕೆ ಗೊತ್ತಿದ್ದವರದ್ದು ಮಾತ್ರ ಒಳ್ಳೆ ಕಡಲ್ಗಳ್ಳರ ಕಾದಂಬರಿ.

ಇದು ನನ್ನ ಕಲ್ಪನೆ ಅಲ್ಲ, ಚರಿತ್ರೆಯಲ್ಲೇ ಉಂಟು. ಬಾರ್ತಲೋಮ್ಯೂ ರಾಬರ್ಟ್ಸ್ ಅಂತ ಒಬ್ಬ ಇದ್ದ, 1722ರಲ್ಲಿ ಸತ್ತದ್ದು, ಅವನ ಹಡಗಿನ ಕಟ್ಟಳೆಗಳು 1724ರಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಜಾನ್ಸನ್ ಅನ್ನುವ ಹೆಸರಲ್ಲಿ ಬಂದ ಕಡಲ್ಗಳ್ಳರ ಚರಿತ್ರೆಯಲ್ಲಿ ಅಚ್ಚಾಗಿವೆ. ದೊಡ್ಡ ವಿಷಯ ಬಂದ್ರೆ ಪ್ರತಿಯೊಬ್ಬನಿಗೂ ಓಟು, ದುಡ್ಡು ಕಟ್ಟಿ ಜೂಜಾಡಬಾರದು, ರಾತ್ರಿ ಎಂಟಕ್ಕೆ ದೀಪ ಆರಿಸ್ಬೇಕು, ಹೀಗೆಲ್ಲ. ಅದಕ್ಕಿಂತಲೂ ಹಿಂದೆ, 1678ರಲ್ಲಿ ಎಕ್ಸ್‌ಕ್ವಿಮೆಲಿನ್ ಅನ್ನುವವ ಡಚ್ ಭಾಷೆಯಲ್ಲಿ ಬರೆದ ಪುಸ್ತಕದಲ್ಲಿ ಪೆಟ್ಟಾದವರಿಗೆ ಪರಿಹಾರದ ಲೆಕ್ಕವೇ ಉಂಟು. ಬಲಗೈ ಹೋದ್ರೆ 600 ಬೆಳ್ಳಿ ನಾಣ್ಯ, ಎಡಗೈಗೆ 500, ಬಲಗಾಲಿಗೆ 500, ಎಡಗಾಲಿಗೆ 400, ಒಂದು ಕಣ್ಣಿಗೆ 100. ಅದೇ ಪಟ್ಟಿಯಲ್ಲಿ 600 ನಾಣ್ಯದ ಬದಲು ಆರು ಗುಲಾಮರು ಅಂತಲೂ ಉಂಟು, ಅದನ್ನು ಓದಿದಾಗ ಹೊಟ್ಟೆಯಲ್ಲಿ ಎಂತದ್ದೋ ಆಗ್ತದೆ. ಒಳಗೆ ಅಷ್ಟು ನ್ಯಾಯ, ಹೊರಗಿನವರಿಗೆ ಇಷ್ಟು ಕ್ರೂರ, ಈ ಎರಡನ್ನೂ ಒಟ್ಟಿಗೆ ತೋರಿಸುವ ಪುಸ್ತಕ ಬೇಕು ನಮಗೆ.

ಆದ ಕಾರಣ ಶುರು ಮಾಡುದು ಟ್ರೆಶರ್ ಐಲೆಂಡಿನಿಂದಲೇ. ಓದಿ ಆಗಿದೆ ಅಂತ ಹೇಳ್ಬೇಡಿ, ನೀವು ಓದಿದ್ದು ಅದರ ಅಸ್ಥಿಪಂಜರ. ಪೂರ್ತಿ ಪುಸ್ತಕದಲ್ಲಿ 34 ಅಧ್ಯಾಯ ಉಂಟು, ರಾಬರ್ಟ್ ಲೂಯಿ ಸ್ಟೀವನ್‌ಸನ್ ಇದನ್ನು 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಅನ್ನುವ ಊರಲ್ಲಿ ಶುರು ಮಾಡಿದ್ದು, ಹೊರಗೆ ಮಳೆ, ಒಳಗೆ ಹೆಂಡತಿಯ ಮೊದಲ ಮದುವೆಯ ಮಗನ ಜೊತೆ ಕೂತು ಒಂದು ದ್ವೀಪದ ಮ್ಯಾಪು ಬರೆದು ಬಣ್ಣ ಹಾಕ್ತಾ ಹಾಕ್ತಾ ಕಥೆ ಹುಟ್ಟಿತು. ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1883ರಲ್ಲಿ ಪುಸ್ತಕ ಆಯ್ತು. ಅವ ಮೊದಲು ಇಟ್ಟ ಹೆಸರು ಎಂತ ಗೊತ್ತುಂಟಾ, ಹಡಗಿನ ಅಡುಗೆಯವ ಅಂತ ಅರ್ಥ ಬರುವ ದಿ ಸೀ ಕುಕ್. ಅಂದ್ರೆ ಬರೆದವನ ಕಣ್ಣಿದ್ದದ್ದು ನಿಧಿಯ ಮೇಲಲ್ಲ, ಆ ಅಡುಗೆಯವ ಲಾಂಗ್ ಜಾನ್ ಸಿಲ್ವರನ ಮೇಲೆ.

ಸಿಲ್ವರನಿಗೆ ಮರದ ಕಾಲು ಅಂತ ಎಲ್ಲರೂ ನಂಬಿದ್ದಾರೆ. ಪುಸ್ತಕದಲ್ಲಿ ಮರದ ಕಾಲಿಲ್ಲ, ಎಡಗಾಲು ಸೊಂಟದ ಹತ್ತಿರದಿಂದಲೇ ಇಲ್ಲ, ಕಂಕುಳಲ್ಲಿ ಊರುಗೋಲು. ಹಡಗು ಹತ್ತಿದ ಮೇಲೆ ಆ ಊರುಗೋಲಿಗೆ ಹಗ್ಗ ಕಟ್ಟಿ ಕುತ್ತಿಗೆಗೆ ನೇತು ಹಾಕಿಕೊಳ್ತಾನೆ, ಎರಡೂ ಕೈ ಖಾಲಿ ಇರ್ಬೇಕಲ್ಲ, ಮತ್ತೆ ಅಡುಗೆ ಮಾಡುವಾಗ ಅದರ ತುದಿಯನ್ನು ಹಲಗೆ ಗೋಡೆಗೆ ಸಿಕ್ಕಿಸಿ, ಅದಕ್ಕೆ ಒರಗಿ, ಹಡಗು ಯಾವ ಕಡೆ ವಾಲಿದ್ರೆ ತಾನೂ ಆ ಕಡೆ ವಾಲಿ, ನೆಲದ ಮೇಲೆ ನಿಂತವರ ಹಾಗೆ ಆರಾಮವಾಗಿ ಅಡುಗೆ ಮಾಡ್ತಾನೆ. ಇದೇ ನಾಲ್ಕು ಸಾಲಿನಲ್ಲಿ ಆ ಮನುಷ್ಯ ಯಾರು ಅಂತ ಬಂತು ನೋಡಿ. ಗಾಳಿ ಯಾವ ಕಡೆ ಬೀಸಿದ್ರೂ ಬೀಳದವ. ಬ್ಯಾಂಕಿನಲ್ಲಿ ದುಡ್ಡಿಟ್ಟವ, ಬ್ರಿಸ್ಟಲಿನಲ್ಲಿ ಹೋಟ್ಲು ಇಟ್ಟವ, ಉಳಿದ ಕಳ್ಳರು ಕೈಗೆ ಬಂದದ್ದನ್ನೆಲ್ಲ ರಮ್ ಕುಡಿದು ಮುಗಿಸಿ ಭಿಕ್ಷೆ ಬೇಡುವಾಗ ಇವ ಲೆಕ್ಕ ಇಟ್ಟು ಉಳಿಸಿದವ. ಇದನ್ನೆಲ್ಲ ಅವನ ಬಾಯಿಂದಲೇ ನಾವು ಕೇಳುದು ಹನ್ನೊಂದನೇ ಅಧ್ಯಾಯದಲ್ಲಿ, ಸೇಬಿನ ಪೀಪಾಯಿಯ ಒಳಗೆ ಕೂತ ಹುಡುಗ ಜಿಮ್‌ನ ಜೊತೆ ನಾವೂ ಕೂತುಕೊಂಡು. ಸೇಬು ಎಲ್ಲಾ ಖಾಲಿಯಾಗಿದೆ, ಒಂದಾದ್ರೂ ಸಿಗ್ಲಿ ಅಂತ ಹುಡುಗ ಪೀಪಾಯಿಯ ಒಳಗೇ ಇಳಿದದ್ದು, ಕತ್ತಲೆ, ಹಡಗಿನ ಓಲಾಟಕ್ಕೆ ನಿದ್ದೆ ಬರುವ ಹಾಗಾಗಿದೆ, ಅಷ್ಟೊತ್ತಿಗೆ ಒಬ್ಬ ಭಾರೀ ಮನುಷ್ಯ ಬಂದು ಪೀಪಾಯಿಗೆ ಒರಗಿ ಕೂತ. ತನ್ನನ್ನು ಹೊಗಳಿದ್ದ ಅದೇ ಮಾತುಗಳನ್ನೇ ಸಿಲ್ವರ್ ಇನ್ನೊಬ್ಬ ಹುಡುಗನಿಗೂ ಹೇಳುದು ಕೇಳಿ ಜಿಮ್‌ಗೆ ಸಿಟ್ಟು ಬರ್ತದೆ, ಆ ಸಿಟ್ಟು ನನಗೆ ಕೊಲೆಯ ಮಾತಿಗಿಂತ ಜಾಸ್ತಿ ನಾಟಿದ್ದು. ನಂಬಿದವನಿಂದ ಮೋಸ ಆಗುದು ಅಂದ್ರೆ ಹೀಗೆಯೇ ಅಲ್ವಾ.

ಇನ್ನೊಂದು 29ನೇ ಅಧ್ಯಾಯ. ಕಳ್ಳರಿಗೆ ಸಿಲ್ವರನ ಮೇಲೆ ನಂಬಿಕೆ ಹೋಗಿದೆ, ಅವರು ಪದ್ಧತಿ ಪ್ರಕಾರ ಹೊರಗೆ ಹೋಗಿ ಮೀಟಿಂಗ್ ಮಾಡಿ ಅವನ ಕೈಗೆ ಕಪ್ಪು ಚುಕ್ಕೆ ಕೊಡ್ತಾರೆ, ಅಂದ್ರೆ ನೀನು ಇನ್ನು ಕ್ಯಾಪ್ಟನ್ ಅಲ್ಲ ಅನ್ನುವ ನೋಟೀಸು. ಸಿಲ್ವರ್ ಕಾಗದ ತಿರುಗಿಸಿ ನೋಡ್ತಾನೆ, ಅದು ಬೈಬಲಿನಿಂದ ಕತ್ತರಿಸಿದ ಹಾಳೆ. ಬೈಬಲ್ ಹರಿದದ್ದು ಯಾರು, ಇನ್ನು ನಿಮಗೆ ಒಳ್ಳೇದಾಗ್ಲಿಕ್ಕುಂಟಾ ಅಂತ ಅಲ್ಲೇ ಅವರ ಎದೆ ನಡುಗಿಸಿ ಬಿಡ್ತಾನೆ. ಆ ಮೇಲೆ ಅವರ ನಾಲ್ಕು ದೂರಿಗೂ ಒಂದೊಂದಾಗಿ ಉತ್ತರ ಕೊಟ್ಟು, ಕೊನೆಗೆ ಮ್ಯಾಪು ನೆಲಕ್ಕೆ ಬಿಸಾಡ್ತಾನೆ. ಐದು ನಿಮಿಷದಲ್ಲಿ ಮತ್ತೆ ಅವನೇ ಕ್ಯಾಪ್ಟನ್. ಅದು ಅವಿಶ್ವಾಸ ನಿರ್ಣಯ ಮಾರಾಯ್ರೇ, ಅಷ್ಟೂ ಪಕ್ಕಾ. ಕತ್ತಿ ಹೊರಗೆ ತೆಗೀಲಿಲ್ಲ, ಆದ್ರೆ ಓದುವವನ ಕೈ ಬೆವರ್ತದೆ.

ನನಗೆ ಹನ್ನೆರಡು ವರ್ಷ ಇರುವಾಗ ಒಂದು ವಾಚನಾಲಯದಿಂದ ಸಿಕ್ಕಿದ ಪ್ರತಿಯಲ್ಲಿ ಕೊನೆಯ ಹಾಳೆಗಳು ಹರಿದು ಹೋಗಿದ್ದವು. ಇನ್ನೊಂದು ಪ್ರತಿ ಸಿಗುವಾಗ ಎರಡು ವರ್ಷ ಆಗಿತ್ತು. ಆ ಎರಡು ವರ್ಷ ನಾನು ಚಂದ್ರಗಿರಿ ಅಳಿವೆ ಹತ್ತಿರ ಕೂತು ಯೋಚಿಸಿದ್ದು ನಿಧಿ ಎಷ್ಟು ಸಿಕ್ಕಿತು ಅಂತ ಅಲ್ಲ, ಸಿಲ್ವರನಿಗೆ ಎಂತ ಆಯ್ತು, ಅವನನ್ನು ಗಲ್ಲಿಗೆ ಹಾಕಿದ್ರಾ ಅಂತ. ನಿಮ್ಮ ಮಗಳಿಗೆ ಅದನ್ನು ಮೊದಲೇ ಹೇಳ್ಬೇಡಿ.

ಎರಡನೇದು ರಫಾಯೆಲ್ ಸಬಾಟಿನಿಯ ಕ್ಯಾಪ್ಟನ್ ಬ್ಲಡ್, 1922ರದ್ದು. ಕಥೆ ಶುರುವಾಗುವಾಗ ಪೀಟರ್ ಬ್ಲಡ್ ಅನ್ನುವ ಐರಿಶ್ ಡಾಕ್ಟರ್ ಕಿಟಕಿಯಲ್ಲಿ ಪೈಪ್ ಸೇದ್ತಾ ಹೂವಿನ ಗಿಡ ನೋಡಿಕೊಳ್ತಾ ಇದ್ದಾನೆ, ಕೆಳಗೆ ರಸ್ತೆಯಲ್ಲಿ ಊರಿನ ಜನ ರಾಜನ ವಿರುದ್ಧ ದಂಗೆಗೆ ಹೊರಟಿದ್ದಾರೆ, ಇವನಿಗೆ ಅದು ಬೇಡ. 1685ರ ಮನ್‌ಮತ್ ದಂಗೆ ಅದು, ನಿಜವಾಗಿ ನಡೆದದ್ದು. ಪೆಟ್ಟಾದ ಒಬ್ಬನಿಗೆ ಮದ್ದು ಮಾಡಿದ ತಪ್ಪಿಗೆ ಇವನನ್ನೂ ದಂಗೆಕೋರ ಅಂತ ಹಿಡಿದು, ಜಡ್ಜ್ ಜೆಫ್ರೀಸ್ ಎದುರು ನಿಲ್ಲಿಸಿ, ಕೊನೆಗೆ ಬಾರ್ಬಡೋಸಿಗೆ ಸಾಗಿಸಿ ಹತ್ತು ಪೌಂಡಿಗೆ ಮಾರ್ತಾರೆ. ಅಲ್ಲಿಂದ ತಪ್ಪಿಸಿ ಸ್ಪೇನಿನವರ ಹಡಗು ಹಾರಿಸಿ ಅವ ಕಡಲ್ಗಳ್ಳ ಆಗುದು. ಇದರಲ್ಲಿ ಪ್ರೀತಿ ಉಂಟು, ಮಾತಿನ ಚಾಕಚಕ್ಯತೆ ಉಂಟು, ಒಂಬತ್ತನೇ ಕ್ಲಾಸಿನ ಹುಡುಗಿಗೆ ಸರೀ ಆಗ್ತದೆ. ಒಂದೇ ಒಂದು ವಿಷಯ ಅವಳ ಜೊತೆ ಕೂತು ಮಾತಾಡಿ: ಬ್ಲಡ್‌ನನ್ನು ಮಾರಿದ್ದಕ್ಕೆ ನಮಗೆ ಸಿಟ್ಟು ಬರುವ ಹಾಗೆ ಬರೆದ ಸಬಾಟಿನಿ, ಅದೇ ಹೊಲಗಳಲ್ಲಿ ದುಡೀತಿದ್ದ ಆಫ್ರಿಕದ ಗುಲಾಮರ ಬಗ್ಗೆ ಹೆಚ್ಚೇನೂ ಯೋಚಿಸಿದ ಹಾಗಿಲ್ಲ. ಪುಸ್ತಕ ಬಿಡ್ಲಿಕ್ಕೆ ಇದು ಕಾರಣ ಅಲ್ಲ, ಆದ್ರೆ ಕಣ್ಣಿಗೆ ಕಾಣ್ಬೇಕು.

ಅದರಲ್ಲಿ ಮರಕೈಬೋ ಅನ್ನುವ ಊರಿನ ಪ್ರಸಂಗ ಬರ್ತದೆ, ಅದನ್ನು ನಾನು ಎಷ್ಟು ಸಲ ಓದಿದ್ದೇನೋ. ಒಂದು ದೊಡ್ಡ ಸರೋವರ, ಕಡಲಿಗೆ ಹೋಗ್ಲಿಕ್ಕೆ ಸಪೂರ ಬಾಯಿ, ನಮ್ಮ ಅಳಿವೆಯ ಹಾಗೆಯೇ, ಆ ಬಾಯಿಗೆ ಕಾವಲಾಗಿ ಸ್ಪೇನಿನ ಕೋಟೆ. ಒಳಗೆ ಸಿಕ್ಕಿಬಿದ್ದ ಕಳ್ಳರು ಹಗಲಿಡೀ ದೋಣಿ ತುಂಬ ಜನರನ್ನು ದಡಕ್ಕೆ ಕಳಿಸ್ತಾರೆ, ದೋಣಿ ವಾಪಸು ಬರುವಾಗ ಖಾಲಿ. ಕೋಟೆಯವರು ನೋಡ್ತಾರೆ, ಓಹೋ ಇವರು ರಾತ್ರಿ ನೆಲದ ಕಡೆಯಿಂದ ಬರ್ತಾರೆ ಅಂತ ಫಿರಂಗಿಗಳನ್ನೆಲ್ಲ ಕಷ್ಟಪಟ್ಟು ಎಳೆದು ನೆಲದ ಕಡೆ ತಿರುಗಿಸ್ತಾರೆ. ನಿಜ ಸಂಗತಿ ಎಂತ ಅಂದ್ರೆ ವಾಪಸು ಬರುವ ದೋಣಿಯಲ್ಲಿ ಅದೇ ಜನ ಅಂಗಾತ ಮಲಗಿದ್ದಾರೆ, ಒಬ್ಬನೂ ದಡಕ್ಕೆ ಇಳೀಲಿಲ್ಲ. ರಾತ್ರಿ ಇಳಿತಕ್ಕೆ ಹಡಗುಗಳು ಸದ್ದಿಲ್ಲದೆ ಬಾಯಿ ದಾಟಿ ಹೋದವು. ಇದು ಸಬಾಟಿನಿ ತಲೆಯಿಂದ ಹುಟ್ಟಿಸಿದ್ದಲ್ಲ, 1669ರಲ್ಲಿ ಹೆನ್ರಿ ಮಾರ್ಗನ್ ಅನ್ನುವ ಕಡಲ್ಗಳ್ಳ ಇದೇ ಮರಕೈಬೋದಲ್ಲಿ ಹೀಗೇ ಮಾಡಿದ್ದು, ನಾನು ಮೇಲೆ ಹೇಳಿದ ಎಕ್ಸ್‌ಕ್ವಿಮೆಲಿನ್ ಅದನ್ನು ಬರೆದಿಟ್ಟಿದ್ದಾನೆ.

ಇಂಥ ಜಾಗಗಳಲ್ಲಿ ಗಾಳಿಯ ಲೆಕ್ಕ ಗೊತ್ತಿಲ್ಲದಿದ್ರೆ ಅರ್ಧ ಮಜಾ ಹೋಗ್ತದೆ, ಮತ್ತೆ ಎಷ್ಟೋ ಜನ ಹಡಗಿನ ಶಬ್ದಗಳಿಗೆ ಹೆದರಿ ಪುಸ್ತಕ ಬಿಡ್ತಾರೆ. ಹೆದರ್ಬೇಡಿ. ಹಗ್ಗದ ಹೆಸರು, ಹಾಯಿಯ ಹೆಸರು ಒಂದೂ ಗೊತ್ತಾಗದಿದ್ರೂ ನಡೀತದೆ, ಗಾಳಿಯ ಮೇಲಿನ ಬದಿ ಕೆಳಗಿನ ಬದಿ ಅನ್ನುದು ಮಾತ್ರ ತಿಳ್ಕೊಳ್ಳಿ. ನನಗಿದನ್ನು ಹೇಳಿಕೊಟ್ಟದ್ದು ನಮ್ಮ ನೆರೆಕರೆಯಲ್ಲಿದ್ದ ಒಬ್ಬ ಹಳೇ ತಂಡೇಲರು, ಅಂದ್ರೆ ಹಡಗು ನಡೆಸುವವರು, ಮಂಜಿ ಅನ್ನುವ ಹಾಯಿ ಹಡಗಿನಲ್ಲಿ ಹೆಂಚು ಹೇರಿಕೊಂಡು ತಿರುಗಿದವರು. ಹೊಯಿಗೆಯಲ್ಲಿ ಎರಡು ಚಿಪ್ಪು ಇಟ್ಟರು. ಮಧ್ಯಾಹ್ನ ಮೇಲೆ ಪಡುಗಾಳಿ ಬೀಸ್ತದಲ್ಲ, ಪಡುವಲಲ್ಲಿದ್ದ ಹಡಗು ಬೇಕಾದಾಗ ಬೇಕಾದ ಕಡೆಯಿಂದ ಮೂಡುವಲಲ್ಲಿದ್ದವನ ಮೇಲೆ ಬೀಳಬಹುದು, ಬೇಡ ಅಂದ್ರೆ ದೂರ ಉಳಿಯಬಹುದು, ಮೂಡುವಲಲ್ಲಿದ್ದವನಿಗೆ ಗಾಳಿಗೆ ಎದುರಾಗಿ ನೇರ ಬರ್ಲಿಕ್ಕಾಗುದಿಲ್ಲ, ಅಡ್ಡಡ್ಡ ಹೋಗಿ ಹೋಗಿ ಹತ್ತಿರ ಆಗ್ಬೇಕು. ಗಾಳಿ ಯಾರ ಬೆನ್ನಿಗೋ ಜಗಳ ಅವನ ಕೈಯಲ್ಲಿ, ಅಷ್ಟೇ ಅಂದ್ರು. ಕಡಲ ಯುದ್ಧದ ಯಾವ ಅಧ್ಯಾಯ ಬಂದ್ರೂ ಈಗಲೂ ನನಗೆ ಆ ಎರಡು ಚಿಪ್ಪೇ ಕಣ್ಣಿಗೆ ಬರುದು.

ಮತ್ತೊಂದು, ಹಡಗನ್ನು ದಡಕ್ಕೆ ಎಳೆದು ಒಂದು ಮಗ್ಗುಲಿಗೆ ವಾಲಿಸಿ ಅಡಿ ಉಜ್ಜುವ ಕೆಲಸ ಈ ಕಥೆಗಳಲ್ಲಿ ಪದೇ ಪದೇ ಬರ್ತದೆ. ಮಳೆಗಾಲಕ್ಕೆ ಮೊದಲು ನಮ್ಮಲ್ಲಿ ಮಂಜಿಗಳನ್ನು ಮೇಲೆ ಎಳೆದು ಮಡಲು ಹೊದೆಸಿ ಇಡ್ತಿದ್ದದ್ದು ನಿಮಗೆ ನೆನಪಿರಬಹುದು. ಪಾಚಿ, ಚಿಪ್ಪು ಹಿಡಿದು, ಹುಳ ತಿಂದು ಹಡಗಿನ ಓಟ ಕಮ್ಮಿ ಆಗ್ತದೆ, ಕಳ್ಳರಿಗೆ ಓಟವೇ ಜೀವ, ಆದ್ರೆ ಬಂದರಿಗೆ ಹೋಗುವ ಹಾಗಿಲ್ಲ. ಹಾಗಾಗಿ ಯಾರೂ ಇಲ್ಲದ ದ್ವೀಪ ಹುಡುಕುದು. ಹಡಗು ಮಗ್ಗುಲಾಗಿ ಬಿದ್ದ ಆ ದಿವಸಗಳಲ್ಲಿ ಅವರು ಬಲೆಗೆ ಬಿದ್ದ ಮೀನಿನ ಹಾಗೆ, ಯಾರು ಬಂದ್ರೂ ಮುಗೀತು, ಒಳ್ಳೆ ಕಾದಂಬರಿಕಾರರು ಒಳಜಗಳವನ್ನು ಅಲ್ಲೇ ತಂದು ಇಡ್ತಾರೆ.

ಬ್ಲಡ್ ಇಷ್ಟ ಆದ್ರೆ ಸಬಾಟಿನಿಯದ್ದೇ ದಿ ಸೀ ಹಾಕ್, 1915. ಇಂಗ್ಲೆಂಡಿನ ಕಾರ್ನ್‌ವಾಲಿನ ಸಾಹುಕಾರ ಒಬ್ಬನನ್ನು ಮಲತಮ್ಮನೇ ಮೋಸ ಮಾಡಿ ಸಾಗಿಸ್ತಾನೆ, ಅವ ಉತ್ತರ ಆಫ್ರಿಕದ ಅಲ್ಜಿಯರ್ಸಿನ ಕಡಲ್ಗಳ್ಳರ ನಾಯಕ ಆಗಿ ವಾಪಸು ಬರ್ತಾನೆ. ನನಗೆ ಇದು ಬ್ಲಡ್‌ಗಿಂತ ಒಂದು ಕೈ ಮೇಲೆ. ಡೇನಿಯಲ್ ಡಿಫೋನ ಕ್ಯಾಪ್ಟನ್ ಸಿಂಗಲ್ಟನ್, 1720ರದ್ದು, ನಿಧಾನ ಪುಸ್ತಕ, ಅಧ್ಯಾಯಗಳೇ ಇಲ್ಲದೆ ಉದ್ದಕ್ಕೆ ಹೋಗ್ತದೆ, ಆದ್ರೆ ಅದರ ಎರಡನೇ ಅರ್ಧದಲ್ಲಿ ವಿಲಿಯಂ ಅಂತ ಒಬ್ಬ ಕ್ವೇಕರ್ ಬರ್ತಾನೆ, ಧರ್ಮದ ಪ್ರಕಾರ ಆಯುಧ ಹಿಡಿಯಬಾರದವ. ನಮಗೆ ಬೇಕಾದ್ದು ದುಡ್ಡಾ ಜಗಳವಾ ಅಂತ ಕಳ್ಳರಿಗೇ ಕೇಳಿ ಕೇಳಿ ದಾರಿಗೆ ತರ್ತಾನೆ, ಹಡಗು ನಡೆಸುದು ನಿಜವಾಗಿ ಅವನೇ. ಅವನಿಗಾಗಿ ಆದ್ರೂ ಓದಿ.

ದೊಡ್ಡವರಿಗೆ ಮಾತ್ರ ಅಂತ ಎರಡು ಹೇಳ್ತೇನೆ, ಎರಡೂ ನನ್ನ ಪಾಲಿಗೆ ಬಂಗಾರ. ಒಂದು ರಿಚರ್ಡ್ ಹ್ಯೂಸ್‌ನ ಎ ಹೈ ವಿಂಡ್ ಇನ್ ಜಮೈಕಾ, 1929. ಬಿರುಗಾಳಿಗೆ ಮನೆ ಹೋದ ಮೇಲೆ ಇಂಗ್ಲೆಂಡಿಗೆ ಹೊರಟ ಮಕ್ಕಳು ಕಡಲ್ಗಳ್ಳರ ಹಡಗು ಸೇರ್ತಾರೆ. ಪಾಪ ಮಕ್ಕಳು ಅಂತ ನಾವು ಹೆದರ್ತಾ ಓದ್ತೇವೆ, ಪುಟ ಹೋದ ಹಾಗೆ ಹೆದರಿಕೆ ಮೆಲ್ಲ ಮೆಲ್ಲ ಕಳ್ಳರ ಬಗ್ಗೆ ಶುರುವಾಗ್ತದೆ. ಮಕ್ಕಳ ಕಥೆ ಅಂತ ನಿಮ್ಮ ಮಗಳಿಗೆ ಈಗಲೇ ಕೊಡ್ಬೇಡಿ, ಒಳಗೆ ತುಂಬ ಕತ್ತಲೆ ಉಂಟು. ಇನ್ನೊಂದು ಸ್ವೀಡನ್ನಿನ ಬ್ಯೋರ್ನ್ ಲಾರ್ಸನ್ 1995ರಲ್ಲಿ ಬರೆದ ಲಾಂಗ್ ಜಾನ್ ಸಿಲ್ವರ್, ಇಂಗ್ಲಿಷಿಗೆ ಬಂದಿದೆ. ಮುದುಕನಾದ ಸಿಲ್ವರ್ ಮಡಗಾಸ್ಕರಿನಲ್ಲಿ ಕೂತು 1742ರಲ್ಲಿ ತನ್ನ ಕಥೆ ತಾನೇ ಬರೀತಾನೆ. ಸ್ಟೀವನ್‌ಸನ್ ಬಾಯಿ ಬಿಡದ ಗುಲಾಮರ ಹಡಗಿನ ವಿಷಯ ಇದರಲ್ಲಿ ನೇರ ಕಣ್ಣೆದುರಿಗೆ ಬರ್ತದೆ. ಟ್ರೆಶರ್ ಐಲೆಂಡ್ ಪೂರ್ತಿ ಓದಿದ ಮೇಲೆ ಮಾತ್ರ ಇದನ್ನು ಹಿಡೀರಿ.

ಮತ್ತೆ ಬಸ್ಸಿನಲ್ಲಿ, ಟ್ರೈನಿನಲ್ಲಿ ಓದ್ಲಿಕ್ಕೆ ಅಂತ ಆದ್ರೆ ಮೈಕಲ್ ಕ್ರೈಟನ್ ಸತ್ತ ಮೇಲೆ ಅವನ ಕಂಪ್ಯೂಟರಿನಲ್ಲಿ ಸಿಕ್ಕಿ 2009ರಲ್ಲಿ ಬಂದ ಪೈರೇಟ್ ಲ್ಯಾಟಿಟ್ಯೂಡ್ಸ್ ಉಂಟು, ಓಡ್ತದೆ, ಮರೆತೂ ಹೋಗ್ತದೆ. ಟಿಮ್ ಪವರ್ಸ್‌ನ ಆನ್ ಸ್ಟ್ರೇಂಜರ್ ಟೈಡ್ಸ್, 1987, ಮಾಟ ಮಂತ್ರ ಬೆರೆತದ್ದು, ನೀವು ನೋಡಿದ ಸಿನೆಮಾಗಳಲ್ಲಿ ಒಂದರ ಹೆಸರು ಅಲ್ಲಿಂದಲೇ ಬಂದದ್ದು, ಪುಸ್ತಕ ಸಿನೆಮಾಕ್ಕಿಂತ ಎಷ್ಟೋ ಗಟ್ಟಿ. ವಿಲ್ಬರ್ ಸ್ಮಿತ್‌ನ ಬರ್ಡ್ಸ್ ಆಫ್ ಪ್ರೇ ಓದಿಸ್ಕೊಂಡು ಹೋಗ್ತದೆ, ಆದ್ರೆ ರಕ್ತ ಬಹಳ, ಮಗಳಿಗೆ ಬೇಡ. ಅವಳಿಗೆ ಬೇಕಾದ್ರೆ ಇಟಲಿಯ ಎಮಿಲಿಯೋ ಸಾಲ್ಗಾರಿಯ ಸಂಡೋಕನ್ ಕಥೆಗಳನ್ನು ಕೊಡಿ. ಬೋರ್ನಿಯೋದ ರಾಜಕುಮಾರ ಬ್ರಿಟಿಷರಿಂದ ಎಲ್ಲಾ ಕಳ್ಕೊಂಡು ಕಡಲ್ಗಳ್ಳ ಆಗಿ ತಿರುಗಿ ಬೀಳುದು. ನೂರು ವರ್ಷಕ್ಕೂ ಹಿಂದೆ ಯುರೋಪಿನವನೊಬ್ಬ ಏಷ್ಯಾದವನನ್ನು ಹೀರೋ ಮಾಡಿ ಬ್ರಿಟಿಷರನ್ನು ವಿಲನ್ ಮಾಡಿದ್ದು ಸಣ್ಣ ವಿಷಯ ಅಲ್ಲ. 1976ರ ಇಟಾಲಿಯನ್ ಟಿವಿ ಸೀರಿಯಲ್ಲಿನಲ್ಲಿ ಸಂಡೋಕನ್ ಆದದ್ದು ನಮ್ಮ ಕಬೀರ್ ಬೇಡಿ.

ಇನ್ನು ನಮ್ಮ ಕಡಲು. ಇದ್ರಾ ಅಂತ ಕೇಳಿದ್ರಿ. ಎರಡು ಸಾವಿರ ವರ್ಷದಿಂದ ಇದ್ರು. ಮೊದಲನೇ ಶತಮಾನದಲ್ಲಿ ರೋಮಿನ ಲೇಖಕ ಪ್ಲಿನಿ, ಈಗಿನ ಕೇರಳದಲ್ಲಿದ್ದ ಮುಜಿರಿಸ್ ಬಂದರಿಗೆ ಹೋಗುವವರು ಹತ್ತಿರದ ನಿತ್ರಿಯಾಸ್ ಅನ್ನುವಲ್ಲಿನ ಕಡಲ್ಗಳ್ಳರ ಬಗ್ಗೆ ಹುಷಾರಾಗಿರ್ಬೇಕು ಅನ್ನುವ ಅರ್ಥದಲ್ಲಿ ಬರೆದಿದ್ದಾನೆ, ಆ ನಿತ್ರಿಯಾಸ್ ನೇತ್ರಾವತಿ ಬಾಯಿಯ ಮಂಗಳೂರೇ ಅಂತ ಹೇಳುವ ವಿದ್ವಾಂಸರಿದ್ದಾರೆ. ಹದಿಮೂರನೇ ಶತಮಾನದ ಕೊನೆಗೆ ಬಂದ ಮಾರ್ಕೋ ಪೋಲೋ ಮಲಬಾರಿನಿಂದಲೂ ಗುಜರಾತಿನಿಂದಲೂ ವರ್ಷಕ್ಕೆ ನೂರಕ್ಕೂ ಮಿಕ್ಕಿ ಕಳ್ಳರ ಹಡಗು ಹೊರಡ್ತವೆ, ಹೆಂಡತಿ ಮಕ್ಕಳನ್ನೂ ಕರ್ಕೊಂಡು ಹೋಗ್ತಾರೆ, ಐದೈದು ಮೈಲಿಗೆ ಒಂದರ ಹಾಗೆ ಸಾಲು ಕಟ್ಟಿ ನಿಂತು ಬೆಂಕಿಯಿಂದಲೋ ಹೊಗೆಯಿಂದಲೋ ಒಬ್ಬರಿಗೊಬ್ಬರು ಸಿಗ್ನಲ್ ಕೊಡ್ತಾರೆ ಅಂತ ಹೇಳ್ತಾನೆ. ಗುಜರಾತಿನವರು ಹಿಡಿದ ವ್ಯಾಪಾರಿಗಳಿಗೆ ಕಡಲ ನೀರಿನಲ್ಲಿ ಹುಣಸೆ ಹುಳಿ ಕಲಸಿ ಕುಡಿಸ್ತಿದ್ರಂತೆ, ನುಂಗಿದ ಮುತ್ತು ಹೊರಗೆ ಬರ್ಲಿಕ್ಕೆ. ಇಬ್ನ್ ಬತೂತನನ್ನಂತೂ 1340ರ ದಶಕದಲ್ಲಿ ಹೊನ್ನಾವರ ಬಾರ್ಕೂರು ನಡುವೆ ಒಂದು ಸಣ್ಣ ದ್ವೀಪದ ಹತ್ತಿರ ಹನ್ನೆರಡು ಹಡಗು ಮುತ್ತಿ ದೋಚಿದವು, ಸಿಲೋನಿನ ರಾಜ ಕೊಟ್ಟ ರತ್ನಗಳೂ ಹೋದವು, ಉಟ್ಟ ಚಲ್ಲಣ ಒಂದೇ ಉಳಿದದ್ದು, ಹಾಗೇ ಕೋಝಿಕ್ಕೋಡಿಗೆ ವಾಪಸು.

ಪೋರ್ಚುಗೀಸರು ಬಂದ ಮೇಲೆ ಕಳ್ಳ ಅನ್ನುವ ಶಬ್ದವೇ ಗೋಜಲಾಯ್ತು. ತಮ್ಮ ಪಾಸು ಇಲ್ಲದ ಯಾವ ಹಡಗನ್ನೂ ಹಿಡಿಯುವವರು ಅವರು, ಪಾಸು ಬೇಡ ಅಂದವನನ್ನು ಕಡಲ್ಗಳ್ಳ ಅಂತ ಕರೆದವರೂ ಅವರೇ. ಹೊನ್ನಾವರದ ತಿಮ್ಮಯ್ಯನನ್ನು ಅವರ ಬರಹಗಳಲ್ಲಿ ಕಡಲ್ಗಳ್ಳ ಅಂತಲೇ ಕಾಣ್ತೇವೆ, 1510ರಲ್ಲಿ ಗೋವೆ ಹಿಡಿಯಲಿಕ್ಕೆ ಅಲ್ಬುಕರ್ಕನಿಗೆ ದಾರಿ ತೋರಿಸಿದವನೂ ಅವನೇ. ನಮ್ಮ ತೆಂಕಿಗೆ, ವಡಗರೆ ಹತ್ತಿರ ಕೋಟೆ ಕಟ್ಟಿ ಕೋಝಿಕ್ಕೋಡಿನ ರಾಜ ಸಾಮೂದಿರಿಯ ನೌಕಾಪಡೆ ನಡೆಸಿದ ಕುಂಞಾಲಿ ಮರಕ್ಕಾರರ ಕಥೆ ನೀವು ಮಲಯಾಳ ಸಿನೆಮಾದಲ್ಲಿ ನೋಡಿರಬಹುದು. ಕೊನೆಗೆ ಸಾಮೂದಿರಿಯೇ ಪೋರ್ಚುಗೀಸರ ಜೊತೆ ಸೇರಿ ಕೋಟೆ ಮುತ್ತಿದ, ನಾಲ್ಕನೇ ಕುಂಞಾಲಿ 1600ರಲ್ಲಿ ಹೊರಗೆ ಬಂದು ತನ್ನ ರಾಜನಿಗೆ ಶರಣಾದ, ಪೋರ್ಚುಗೀಸರು ಅವನನ್ನು ಗೋವೆಗೆ ಕೊಂಡೋಗಿ ಕೊಂದರು. ಸಿಲ್ವರನ ಕಪ್ಪು ಚುಕ್ಕೆಗಿಂತ ಇದು ನೂರು ಪಾಲು ದೊಡ್ಡ ನಂಬಿಕೆಯ ಕಥೆ, ಇದನ್ನು ಕನ್ನಡದಲ್ಲಿ ಒಬ್ಬರು ಉಪ್ಪುಗಾಳಿಯ ವಾಸನೆ ಬರುವ ಹಾಗೆ ದೊಡ್ಡ ಕಾದಂಬರಿ ಬರೀಬೇಕು ಅಂತ ನನಗೆ ತುಂಬ ಆಸೆ ಉಂಟು.

ಇಂಗ್ಲಿಷರು ಕಳ್ಳ ಅಂತ ಕರೆದ ಮರಾಠ ನೌಕಾಪತಿ ಕಾನ್ಹೋಜಿ ಆಂಗ್ರೆಯ ಬಗ್ಗೆ ಮನೋಹರ ಮಳಗಾಂವ್‌ಕರ್ 1959ರಲ್ಲಿ ಬರೆದ ಜೀವನಚರಿತ್ರೆ ಉಂಟು, ಕಾದಂಬರಿಯಷ್ಟೇ ರುಚಿ. ಬರೆದವರು ಇದ್ದದ್ದು ಉತ್ತರ ಕನ್ನಡದ ಜಗಲಬೇಟದ ಕಾಡಿನ ನಡುವೆ.

ಮತ್ತೆ ಕ್ಯಾಪ್ಟನ್ ಕಿಡ್. ನಿಧಿ ಹೂತಿಟ್ಟವ ಅಂತ ಲೋಕವೆಲ್ಲ ಹೆಸರಾದವ, ಅವನ ನಿಧಿಯ ಮೇಲೆಯೇ ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1843ರಲ್ಲಿ ದಿ ಗೋಲ್ಡ್ ಬಗ್ ಕಥೆ ಬರೆದದ್ದು. ಅವ ಕೆಟ್ಟದ್ದು ನಮ್ಮ ಕಡಲಲ್ಲಿ. ಕಡಲ್ಗಳ್ಳರನ್ನು ಹಿಡೀಲಿಕ್ಕೆ ಅಂತಲೇ ರಾಜನ ಅಪ್ಪಣೆ ಪತ್ರ ಹಿಡ್ಕೊಂಡು ಬಂದವ, 1697ರ ಸೆಪ್ಟೆಂಬರಿನಲ್ಲಿ ಕಾರವಾರದಲ್ಲಿದ್ದ. ಲೂಟಿ ಸಿಗದೆ ಹಡಗಿನವರು ಗೊಣಗ್ತಾ ಇದ್ರು, ಅಕ್ಟೋಬರಿನಲ್ಲಿ ವಿಲಿಯಂ ಮೂರ್ ಅನ್ನುವ ಫಿರಂಗಿಯವನ ಜೊತೆ ಮಾತಿಗೆ ಮಾತು ಬೆಳೆದು ಕಿಡ್ ಕಬ್ಬಿಣದ ಪಟ್ಟಿ ಹಾಕಿದ ಬಾಲ್ದಿಯಲ್ಲಿ ಅವನ ತಲೆಗೆ ಹೊಡೆದ, ಮಾರನೇ ದಿವಸ ಅವ ಸತ್ತ. 1698ರ ಜನವರಿಯಲ್ಲಿ ಕೊಚ್ಚಿಯ ಆಚೆ ಕ್ವೆಡಾ ಮರ್ಚೆಂಟ್ ಅನ್ನುವ ಹಡಗು ಹಿಡಿದ, ಅದರಲ್ಲಿ ಫ್ರೆಂಚ್ ಪಾಸು ಇತ್ತು, ಹಾಗಾಗಿ ಹಿಡಿದದ್ದು ಕಾನೂನು ಪ್ರಕಾರ ಸರಿ ಅಂತ ಅವನ ವಾದ. ಲಂಡನ್ನಿನ ಕೋರ್ಟಿನಲ್ಲಿ ಆ ಪಾಸು ಅವನ ಕೈಗೆ ಸಿಗ್ಲೇ ಇಲ್ಲ. 1701ರ ಮೇ 23ಕ್ಕೆ ಗಲ್ಲಿಗೆ ಹಾಕಿದ್ರು, ಮೊದಲನೇ ಸಲ ಹಗ್ಗ ತುಂಡಾಯ್ತು, ಎರಡನೇ ಸಲ ಹಾಕಿದ್ರು. ಪಾಸುಗಳು ಇಪ್ಪತ್ತನೇ ಶತಮಾನದಲ್ಲಿ ಸರಕಾರದ ಹಳೇ ಕಡತಗಳಲ್ಲಿ ಸಿಕ್ಕಿದವು. ಕಾರವಾರದಿಂದ ಕೊಚ್ಚಿಗೆ ಹೋಗುವ ಹಡಗು ನಮ್ಮ ಕಡಲು ದಾಟದೆ ಹೋಗುದಿಲ್ಲವಲ್ಲ, ಬೇಕಲ ಕೋಟೆಯ ಬುರುಜಿನ ಮೇಲೆ ನಿಂತಾಗೆಲ್ಲ ನನಗೆ ಆ ಬಾಲ್ದಿಯ ನೆನಪಾಗ್ತದೆ. ಸಿಟ್ಟು ಬಂದ ಕ್ಯಾಪ್ಟನ್, ನಂಬಿಕೆ ಹೋದ ಜನ, ಕೈಗೆ ಸಿಕ್ಕಿದ ಒಂದು ಬಾಲ್ದಿ.

ಪುಸ್ತಕ ಸಿಗುದು ಎಲ್ಲಿ ಅಂತ ಕೇಳಿದ್ರೆ, ಸ್ಟೀವನ್‌ಸನ್, ಡಿಫೋ, ಸಬಾಟಿನಿಯ ಈ ಎರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಉಂಟು, ಲಿಬ್ರಿವಾಕ್ಸ್ ಅನ್ನುವ ವೆಬ್‌ಸೈಟಿನಲ್ಲಿ ಓದಿದ್ದನ್ನು ಕೇಳಬಹುದು. ಅಂಗಡಿಯಿಂದ ತರುದಾದ್ರೆ ಸಂಕ್ಷಿಪ್ತ ಅಂತ ಬರೆದದ್ದನ್ನು ಮುಟ್ಟಲೇ ಬೇಡಿ, ಅವರು ಮೊದಲು ಕತ್ತರಿಸುದು ಮಾತುಕತೆಯನ್ನು, ಸಿಲ್ವರ್ ಅಂದ್ರೆ ಅವನ ಮಾತೇ. ಎನ್. ಸಿ. ವಯತ್ 1911ರಲ್ಲಿ ಬರೆದ ಚಿತ್ರ ಇರುವ ಪ್ರತಿ ಎಲ್ಲಾದ್ರೂ ಕಂಡ್ರೆ ಬಿಡ್ಬೇಡಿ. ನಾವಿಕರ ಇಂಗ್ಲಿಷು ಮೊದಲ ನಾಲ್ಕೈದು ಅಧ್ಯಾಯ ಕಷ್ಟ ಆಗ್ತದೆ, ಗಟ್ಟಿಯಾಗಿ ಓದಿದ್ರೆ ಅರ್ಧ ಕಷ್ಟ ಹೋಗ್ತದೆ. ಸಿಲ್ವರನ ಪಾಲು ನೀವು ಓದಿ, ಜಿಮ್‌ದು ಮಗಳು ಓದ್ಲಿ, ಹನ್ನೊಂದನೇ ಅಧ್ಯಾಯ ಬರುವ ದಿವಸ ಲೈಟು ಆರಿಸಿ ಒಂದೇ ಟಾರ್ಚ್ ಇಟ್ಕೊಳ್ಳಿ. ಅದು ಮುಗಿದ ಮೇಲೆ ಸಿಲ್ವರ್ ಅವಳಿಗೆ ಇಷ್ಟವಾ ಅಲ್ವಾ ಅಂತ ಕೇಳಿ ನನಗೆ ಬರೀರಿ, ಮುಂದೆ ಅವಳಿಗೆ ಬ್ಲಡ್ ಕೊಡುದಾ ಸಂಡೋಕನ್ ಕೊಡುದಾ ಅಂತ ಅದರ ಮೇಲೆ ಹೇಳ್ತೇನೆ.